ಕಲ್ಲಿನ ರಥದ ಕಾಣೆಯಾದ ಶಿಖರ

ನಿಮ್ಮೆದುರಿನ ಹಂಪಿಯ ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿತ್ತು. ಇದು ಊಹೆಯಲ್ಲ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದು ಎದ್ದು ಕಾಣುತ್ತದೆ. ಮೇಣ ಸವರಿದ ಕಾಗದದ ಮೇಲೆ ಆತ ಸೆರೆಹಿಡಿದ ಹಂಪಿಯ ನೆಗೆಟಿವ್‌ಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಮರೆಯಲ್ಲಿದ್ದವು. ಅವು ಬೆಳಕಿಗೆ ಬಂದ ಮೇಲೆ, 1983ರಲ್ಲಿ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಉಳಿಯಿತು, ಏನು ಹೋಯಿತು ಎಂಬ ಲೆಕ್ಕ ಸಿಗುತ್ತದೆ. ಹಂಪಿಯ ನಷ್ಟವೆಲ್ಲ ವಿಜಯನಗರ ಸೋತ 1565ರ ಯುದ್ಧದ್ದೇ ಎನ್ನುವವರು ಈ ಶಿಖರವನ್ನು ನೋಡಬೇಕು: ಯುದ್ಧ ಕಳೆದು 291 ವರ್ಷಗಳಾದರೂ ಅದು ನಿಂತೇ ಇತ್ತು.

ಗ್ರೀನ್‌ಲಾನ ನೆಗೆಟಿವ್‌ಗಳಂಥ ಹಳೆಯ ಕಾಗದವನ್ನು ಜನರ ಮುಂದಿಟ್ಟರೆ ಹಾಳಾಗುತ್ತದೆ ಎಂಬ ಆತಂಕ ಸುಳ್ಳಲ್ಲ. ಬೆಳಕು ಅದರ ಶತ್ರು. ಆದರೆ ನೆಗೆಟಿವ್ ಇರುವುದೇ ಪ್ರತಿ ತೆಗೆಯಲು. ಮೂಲ ಕತ್ತಲಲ್ಲಿರಲಿ, ಪ್ರತಿಗಳು ಊರೂರು ತಿರುಗಲಿ. ಪರಕೀಯ ಸೈನಿಕನ ಕಣ್ಣಿಗೆ ಬಿದ್ದ ಪಾಳು ಊರು ನಮ್ಮ ಹಂಪಿ ಹೇಗಾದೀತು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಚಿತ್ರಗಳಲ್ಲಿ ಜನ ಕಾಣುವುದು ಕಡಿಮೆ, ನಿಜ. ಆ ಕಾಲದ ಕ್ಯಾಮೆರಾಕ್ಕೆ ದೀರ್ಘ ಸಮಯ ಬೇಕಿತ್ತು; ನಡೆದಾಡುವವರು ಅದರಲ್ಲಿ ಮೂಡುತ್ತಲೇ ಇರಲಿಲ್ಲ. ಹಾಗಾಗಿ ಈ ನಿರ್ಜನತೆಯನ್ನು ಪೂರ್ತಿ ನಂಬಬೇಡಿ. ಕಲ್ಲು, ಗಾರೆಯ ವಿಷಯದಲ್ಲಿ ಮಾತ್ರ ನಂಬಿ. ನಿಮ್ಮ ಮನೆಯ ಹಳೆಯ ಆಲ್ಬಮ್‌ನಲ್ಲಿ ಹಂಪಿಯ ಚಿತ್ರವಿದ್ದರೆ, ಅದೂ ಇಂಥ ದಾಖಲೆಯೇ; ಅದರ ಹಿಂಬದಿಯಲ್ಲಿ ಇಸವಿ ಬರೆದಿಡಿ.