ಮಹಿಳಾ ಕಾಲೇಜಿನಲ್ಲಿ ವಿಜ್ಞಾನ ಪದವಿ: ಗಡಿನಾಡಿನ ಹೆತ್ತವರು ತಿಳಿದಿರಬೇಕಾದುದು

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಪ್ಲಸ್ ಟುವಿನಲ್ಲಿ ವಿಜ್ಞಾನವನ್ನು ಆಯ್ದುಕೊಂಡ ಮಗಳು ಬಿ.ಎಸ್ಸಿ. ಪದವಿಗೆ ಹೊರಟಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಹಾಸ್ಟೆಲಿನದು, ಎರಡನೆಯದು ಶುಲ್ಕದ್ದು. ಪ್ರಯೋಗಾಲಯ ಹೇಗಿದೆ ಎಂದು ವಿಚಾರಿಸುವವರು ಅಪರೂಪ. ಮಹಿಳಾ ಕಾಲೇಜೆಂದರೆ ಸುರಕ್ಷಿತವಾದ ಜಾಗ ಎಂಬಷ್ಟಕ್ಕೇ ನಮ್ಮ ಯೋಚನೆ ನಿಂತುಬಿಡುತ್ತದೆ.

ಇಂತಹ ಕಾಲೇಜುಗಳು ನಮಗೆ ಹೊಸವಲ್ಲ. ಮೈಸೂರಿನ ಮಹಾರಾಣಿ ಸಂಸ್ಥೆ 1881ರಲ್ಲಿ ಬಾಲಕಿಯರ ಶಾಲೆಯಾಗಿ ಆರಂಭವಾಯಿತು. ಇಂದು ಮೈಸೂರು, ಬೆಂಗಳೂರು ಎರಡರಲ್ಲಿಯೂ ಮಹಾರಾಣಿಯ ಹೆಸರಿನ ಮಹಿಳಾ ವಿಜ್ಞಾನ ಕಾಲೇಜುಗಳಿವೆ. ಮದರಾಸಿನ ಕ್ವೀನ್ ಮೇರಿಸ್ ಕಾಲೇಜು 1914ರಲ್ಲಿ, ಮಂಗಳೂರಿನ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಸ್ಥಾಪನೆಯಾದುವು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡಕ್ಕೇ ಸೇರಿದ್ದುದರಿಂದ ನಮ್ಮ ಅಜ್ಜಿಯರ ಕಾಲದಲ್ಲಿ ಮಂಗಳೂರಿನ ಆ ಕಾಲೇಜು ಹೊರರಾಜ್ಯದ್ದಾಗಿರಲಿಲ್ಲ, ಸ್ವಂತ ಜಿಲ್ಲೆಯದಾಗಿತ್ತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕುಟುಂಬಗಳಿಗೆ ವಿಜಯಪುರ ಹತ್ತಿರ. 2003ರಲ್ಲಿ ಅಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ 2017ರಿಂದ ಅಕ್ಕಮಹಾದೇವಿಯ ಹೆಸರಿನಲ್ಲಿದೆ. ಕಾಸರಗೋಡಿನಿಂದ ದಕ್ಷಿಣಕ್ಕೆ ಅದೇ ರೈಲುಹಳಿಯ ಮೇಲಿರುವ ತಲಶ್ಶೇರಿಯಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್ ಓದಿದ್ದು ಕ್ವೀನ್ ಮೇರಿಸ್‌ನಲ್ಲಿ. ಮುಂದೆ ಅವರು ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಸಂಶೋಧನೆ ನಡೆಸಿ ಸಸ್ಯವಿಜ್ಞಾನದಲ್ಲಿ ಹೆಸರಾದರು.

ಕನ್ನಡ ಮಾಧ್ಯಮದ ಹುಡುಗಿಗೆ ಪದವಿ ತರಗತಿಯಲ್ಲಿ ಎದುರಾಗುವ ತೊಡಕು ಹೆತ್ತವರು ಊಹಿಸುವಂತಹದಲ್ಲ. ಉದ್ದುದ್ದದ ಇಂಗ್ಲಿಷ್ ಪದಗಳು ಅವಳನ್ನು ಹೆದರಿಸುತ್ತವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅವು ಸುಲಭ. ‘ಫೋಟೋಸಿಂಥೆಸಿಸ್’ ಎಂಬುದಕ್ಕೆ ಎಲ್ಲಿ ಹೋದರೂ ಒಂದೇ ಅರ್ಥ. ದ್ಯುತಿಸಂಶ್ಲೇಷಣೆಯನ್ನು ಅರಿತವಳಿಗೆ ಎರಡು ದಿನದಲ್ಲಿ ಅದು ನಾಲಿಗೆಗೆ ಬರುತ್ತದೆ. ಕಾಡುವುದು ಎಲ್ಲರಿಗೂ ಗೊತ್ತಿರುವ ಪುಟ್ಟ ಪದಗಳು. ‘ಸೊಲ್ಯೂಷನ್’ ಗಣಿತದಲ್ಲಿ ಪರಿಹಾರ, ರಸಾಯನಶಾಸ್ತ್ರದಲ್ಲಿ ದ್ರಾವಣ. ‘ಪವರ್’ ಭೌತಶಾಸ್ತ್ರದಲ್ಲಿ ಸಾಮರ್ಥ್ಯ, ಗಣಿತದಲ್ಲಿ ಘಾತ. ‘ನಾರ್ಮಲ್’ ಎಂದರೆ ಸಾಮಾನ್ಯ ಎಂದುಕೊಂಡವಳಿಗೆ ಬೆಳಕಿನ ವಕ್ರೀಭವನದ ಪಾಠದಲ್ಲಿ ಅದು ಮೇಲ್ಮೈಗೆ ಎಳೆದ ಲಂಬವೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ‘ರಿಡಕ್ಷನ್’ ಎಂಬಲ್ಲಿ ಇಲೆಕ್ಟ್ರಾನು ಸೇರುತ್ತದೆ, ಆದರೆ ಪದ ಕಡಿಮೆಯಾಗುವುದನ್ನು ಸೂಚಿಸುತ್ತದೆ. ನಮ್ಮ ‘ಅಪಕರ್ಷಣ’ಕ್ಕೆ ದಿನಬಳಕೆಯ ಅರ್ಥವೇ ಇಲ್ಲದುದರಿಂದ ಆ ಗೊಂದಲವೂ ಇಲ್ಲ. ನಾನು ಪದವಿಗೆ ಸೇರಿದ ಮೊದಲ ವಾರ ಪ್ರಯೋಗಾಲಯದಲ್ಲಿ ಬೇಸ್ ತೆಗೆದುಕೊಳ್ಳಿ ಎಂದಾಗ, ಪ್ರತ್ಯಾಮ್ಲದ ಸೀಸೆಯನ್ನು ಬಿಟ್ಟು ಬ್ಯುರೆಟ್ ಸ್ಟ್ಯಾಂಡಿನ ಅಡಿಯನ್ನು ಹಿಡಿದು ನಿಂತಿದ್ದೆ. ಪ್ರತ್ಯಾಮ್ಲವೆಂದರೇನೆಂದು ಕೇಳಿದ್ದರೆ ಅಂದು ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಹೇಳುತ್ತಿದ್ದೆ.

ಆದಕಾರಣ ಮೊದಲ ಸೆಮಿಸ್ಟರಿನ ಅಂಕಗಳು ಕುಸಿದರೆ ಮಗಳಿಗೆ ವಿಜ್ಞಾನ ಒಗ್ಗದು ಎಂದು ತೀರ್ಮಾನಿಸಬೇಡಿರಿ. ಒಂದು ಪುಸ್ತಕದಲ್ಲಿ ಇಂತಹ ಪುಟ್ಟ ಪದಗಳನ್ನು ವಿಷಯವಾರು ಬರೆದು, ಪಕ್ಕದಲ್ಲಿ ಶಾಲೆಯಲ್ಲಿ ಕಲಿತ ಕನ್ನಡ ಪದವನ್ನೂ ತನ್ನದೇ ಮಾತಿನ ಒಂದು ವಾಕ್ಯವನ್ನೂ ಬರೆಯುವಂತೆ ಹೇಳಿರಿ. ಬೇಸಗೆ ರಜೆಯಲ್ಲಿಯೇ ಆರಂಭಿಸುವುದು ಒಳ್ಳೆಯದು. ಹಳೆಯ ಕನ್ನಡ ಪಠ್ಯಪುಸ್ತಕಗಳನ್ನು ರದ್ದಿಗೆ ಹಾಕದಿರಿ. ಸಸ್ಯಶಾಸ್ತ್ರ ತೆಗೆದುಕೊಳ್ಳುವವಳ ಕೈಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೊಡಿರಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡು, ವಿದ್ಯಾರ್ಥಿಗಳೊಡನೆ ಗಿಡಮರಗಳನ್ನು ಹುಡುಕಿ ಅಲೆದುದನ್ನು ಅವರು ಕನ್ನಡದಲ್ಲಿ ಬರೆದಿದ್ದಾರೆ.

ಇನ್ನು ಪ್ರಯೋಗಾಲಯ. ಗಂಡುಹುಡುಗರೂ ಇರುವ ತಂಡದಲ್ಲಿ ಉಪಕರಣವನ್ನು ಅವರು ಹಿಡಿಯುವುದು, ಹುಡುಗಿ ಅಳತೆಗಳನ್ನು ಅಂದವಾಗಿ ಬರೆದುಕೊಳ್ಳುವುದು ಎಂಬ ಏರ್ಪಾಡು ಯಾರೂ ಹೇಳದೆಯೇ ಆಗಿಬಿಡುತ್ತದೆ. ಶಾಲೆಯಲ್ಲಿಯೇ ಇದನ್ನು ಕಾಣುತ್ತೇನೆ. ಮಹಿಳಾ ಕಾಲೇಜಿನಲ್ಲಿ ಹಾಗೆ ಬಿಟ್ಟುಕೊಡಲು ಯಾರೂ ಇಲ್ಲ. ಬ್ಯುರೆಟ್ಟಿನ ತಿರುಪನ್ನು ಅವಳೇ ತಿರುಗಿಸಬೇಕು. ಫಿನಾಲ್ಫ್ತಲೀನ್ ಹಾಕಿದ ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತಾ, ತೆಳು ಗುಲಾಬಿ ಬಣ್ಣ ಮಾಯವಾಗದೆ ನಿಲ್ಲುವ ಆ ಒಂದು ಹನಿಯನ್ನು ಅವಳೇ ಗುರುತಿಸಬೇಕು. ಒಂದು ಹನಿ ಹೆಚ್ಚಾದರೆ ಅಳತೆ ಕೆಟ್ಟಿತು, ಮತ್ತೆ ಮೊದಲಿನಿಂದ. ಮಹಿಳಾ ಕಾಲೇಜಿನ ಪರವಾಗಿ ನಾನು ಹೇಳುವ ದೊಡ್ಡ ಕಾರಣ ಇದು, ಹಾಸ್ಟೆಲಿನ ಗೋಡೆಯ ಎತ್ತರವಲ್ಲ.

ಆದರೆ ಹೆಸರು ನೋಡಿ ಸೇರಿಸಬೇಡಿರಿ. ಪ್ರವೇಶಕ್ಕೆ ಮುನ್ನ ಒಮ್ಮೆ ಪ್ರಯೋಗಾಲಯದೊಳಗೆ ಹೋಗಿ, ಒಂದು ಮೇಜಿಗೆ ಎಷ್ಟು ಮಂದಿ, ಸೂಕ್ಷ್ಮದರ್ಶಕಗಳು ಕಪಾಟಿನಲ್ಲಿವೆಯೋ ಮೇಜಿನ ಮೇಲಿವೆಯೋ ನೋಡಿರಿ. ಸಣ್ಣ ಕಾಲೇಜುಗಳಲ್ಲಿ ಬೇಕಾದ ವಿಷಯ ಸಂಯೋಜನೆ ಇಲ್ಲದಿರಬಹುದು. ಭೌತಶಾಸ್ತ್ರ ಬೇಕೆಂದವಳು ಇರುವುದರಲ್ಲಿ ಹೊಂದಿಕೊಳ್ಳಬೇಕಾದೀತು. ಪ್ರಾಯೋಗಿಕ ತರಗತಿ ಸಂಜೆಗೆ ಮುಗಿಯುತ್ತದೆ. ದಿನವೂ ಗಡಿ ದಾಟಿ ಹೋಗಿಬರುವವಳಾದರೆ ಆನಂತರ ಊರಿಗೆ ಬಸ್ಸಿದೆಯೇ, ಹಾಸ್ಟೆಲಿನಲ್ಲಿರುವವಳಾದರೆ ಗ್ರಂಥಾಲಯ ಮುಚ್ಚುವ ಮುನ್ನವೇ ಹಾಸ್ಟೆಲಿನ ಗೇಟು ಮುಚ್ಚುತ್ತದೆಯೇ, ಕೇಳಿಕೊಳ್ಳಿರಿ.

ಪದವಿಯ ಅವಧಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕ 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಅದೇ ವರ್ಷ ಕೇರಳ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲೂ ಅಲ್ಲಿ ಅವಕಾಶವಿದೆ.

ಕಾಗದಪತ್ರಗಳಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಒಂದು ಕಾಗುಣಿತ, ಆಧಾರಿನಲ್ಲಿ ಇನ್ನೊಂದು. ಇದನ್ನು ಮೊದಲೇ ಸರಿಪಡಿಸಿಕೊಳ್ಳಿರಿ. ಒಂದು ರಾಜ್ಯದ ಜಾತಿ ಪ್ರಮಾಣಪತ್ರದಿಂದ ಇನ್ನೊಂದು ರಾಜ್ಯದಲ್ಲಿ ಮೀಸಲಾತಿ ಸಾಮಾನ್ಯವಾಗಿ ದೊರೆಯದು. ಶುಲ್ಕದ ಲೆಕ್ಕ ಹಾಕುವಾಗ ಇದು ನೆನಪಿರಲಿ. ಕೃಷಿ ವಿಜ್ಞಾನದಂತಹ ವೃತ್ತಿಪರ ಪದವಿಗೆ ಹೋಗುವವಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗ, ಹೊರನಾಡು ಕನ್ನಡಿಗ ಎಂಬ ಅರ್ಹತಾ ವಿಭಾಗಗಳಿವೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೂ ಇದೆ. ಸಾಮಾನ್ಯ ಬಿ.ಎಸ್ಸಿ.ಗೆ ಸಿಇಟಿ ಬೇಡ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಮೇಲಿನ ತರಗತಿಗಳಲ್ಲಿ ಕನ್ನಡದಲ್ಲಿ ವಿಜ್ಞಾನ ಹೇಳಿಕೊಡಬಲ್ಲವರು ನಮ್ಮೊಳಗಿನಿಂದಲೇ ಬರಬೇಕು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮ ಶಾಲೆಗೆ ನೇಮಿಸಿದ್ದರ ವಿರುದ್ಧ ಕಾಸರಗೋಡಿನಲ್ಲಿ ಎಷ್ಟು ಸಲ ಧರಣಿ ಕುಳಿತಿದ್ದೇವೆ! ಆದರೆ ಭೌತವಿಜ್ಞಾನ, ಜೀವವಿಜ್ಞಾನ, ಗಣಿತಗಳಿಗೆ ಕನ್ನಡ ಮಾಧ್ಯಮದ ಹುದ್ದೆಗಳನ್ನು ಕೇರಳ ಲೋಕಸೇವಾ ಆಯೋಗ ಪ್ರತ್ಯೇಕವಾಗಿಯೇ ಕರೆಯುತ್ತದೆ. ಅರ್ಜಿ ಹಾಕಲು ಆ ವಿಷಯದ ಪದವಿ ಮತ್ತು ಬಿ.ಎಡ್. ಇರುವ ಕನ್ನಡದ ಮಕ್ಕಳು ಬೇಕು. ಹೊರರಾಜ್ಯದಲ್ಲಿ ಪದವಿ ಪಡೆದವಳಿಗೆ ಸಮಾನತಾ ಪತ್ರ ಬೇಕಾಗಬಹುದಾದ್ದರಿಂದ ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಪಠ್ಯಕ್ರಮದ ಪ್ರತಿ ಎರಡನ್ನೂ ತೆಗೆದಿಡಿರಿ. ಪ್ರವೇಶದ ಅರ್ಜಿಯಲ್ಲಿ ಭಾಷಾ ವಿಷಯ ಕೇಳಿದಲ್ಲಿ ಕನ್ನಡವನ್ನೇ ಬರೆಯಿಸಿರಿ. ಅಂಕ ಹೆಚ್ಚು ಸಿಗುತ್ತದೆಂದು ಬೇರೆ ಭಾಷೆ ತೆಗೆದುಕೊಂಡು ಮೂರನೆಯ ವರ್ಷ ಪರಿತಪಿಸಿದವರನ್ನು ನಾನು ಕಂಡಿದ್ದೇನೆ.