ತೋಟಾಗಳ ಕಂಠಬಂಧ

ಅಮೆರಿಕದ ವಿಂಚೆಸ್ಟರ್ ಸಂಸ್ಥೆಯ 1873ರ ಬಂದೂಕಿನಲ್ಲಿ ತೋಟಾಗಳು ನಳಿಗೆಯ ಕೆಳಗಣ ಕೊಳವೆಯೊಳಗೆ ಒಂದರ ಹಿಂದೊಂದು ಸಾಲಾಗಿರುತ್ತಿದ್ದುವು. ಸ್ಪ್ರಿಂಗಿನ ಒತ್ತಡವೂ ಹಾರಿಸುವಾಗಿನ ಧಕ್ಕೆಯೂ ಗುಂಡನ್ನು ಹಿತ್ತಾಳೆಯ ಕೋಶದೊಳಕ್ಕೆ ತಳ್ಳುತ್ತಿದ್ದುವು. ಆದರೆ 40 ಗ್ರೇನ್ ಕರಿಮದ್ದು ಕೋಶವನ್ನು ತುಂಬಿ, 200 ಗ್ರೇನ್ ತೂಕದ ಸೀಸದ ಗುಂಡಿಗೆ ತಾನೇ ಪೀಠವಾಗಿದ್ದಿತು. ಆದುದರಿಂದಲೇ ಮನೆಯಲ್ಲಿ ಗುಂಡೆರೆದು ತೋಟಾ ತುಂಬಿಕೊಳ್ಳುವವರ ಅನೇಕ ಹಳೆಯ ಅಚ್ಚುಗಳಲ್ಲಿ ಕಂಠಬಂಧದ ತೋಡು ಕಾಣಬರುವುದಿಲ್ಲ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬಾತನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ಇಂತಹ ಮದ್ದು ಸ್ವಲ್ಪದಲ್ಲಿಯೇ ಪ್ರಬಲವಾದುದರಿಂದ ಆ ಕೋಶದಲ್ಲಿ ಬರಿದೆಡೆ ಉಳಿಯಿತು, ಪೀಠವು ತಪ್ಪಿತು. ಗುಂಡು ಒಳಸರಿದರೆ ಎಡೆಯು ಕುಗ್ಗಿ, ಒತ್ತಡವೇರಿ, ಬಂದೂಕಿಗೂ ಹಿಡಿದವನಿಗೂ ಅಪಾಯವು. ಅಂದಿನಿಂದ ಗುಂಡಿನ ತೋಡಿನೊಳಕ್ಕೆ ಕೋಶದ ಬಾಯಂಚನ್ನು ಮಡಿಸಿ ಬಿಗಿಯುವುದು ಇಂತಹ ಬಂದೂಕುಗಳಿಗೆ ಪ್ರಾಣರಕ್ಷೆಯ ವಿಧಿಯಾಯಿತೆಂದು ತಿಳಿಯತಕ್ಕದ್ದು.