ಯಶವಂತಪುರ: ನಿಲ್ದಾಣ ಬೆಳೆದ ಬಗೆ

ಬಾಗಲಗುಂಟೆ, ದಾಸರಹಳ್ಳಿ, ಪೀಣ್ಯದ ಜನರಿಗೆ ದೂರದ ಊರಿನ ರೈಲು ಎಂದರೆ ಯಶವಂತಪುರ. ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಐದನೆಯ ನಿಲ್ದಾಣ. ಇದನ್ನು ಸುಮಾರು 375 ಕೋಟಿ ರೂಪಾಯಿ ವೆಚ್ಚದಲ್ಲಿ ಆಧುನಿಕಗೊಳಿಸುವ ಯೋಜನೆಗೆ ಪ್ರಧಾನಿಯವರು 2022ರ ಜೂನ್ 20ರಂದು ಶಂಕುಸ್ಥಾಪನೆ ಮಾಡಿದರು. ನಿಲ್ದಾಣ ಯಾರಿಗಾಗಿ ಬೆಳೆಯುತ್ತಿದೆ ಎಂದು ಕೇಳುವ ಮೊದಲು ಅದು ಬೆಳೆದು ಬಂದ ದಾರಿಯನ್ನು ನೋಡಬೇಕು.

ಬೆಂಗಳೂರಿಗೆ ಮೊದಲು ರೈಲು ಬಂದದ್ದು 1864ರಲ್ಲಿ. ಜೋಲಾರಪೇಟೆಯಿಂದ ಬಂದ ಮದರಾಸು ರೈಲ್ವೆಯ ಆ ಹಳಿ ದಂಡು ಪ್ರದೇಶದಲ್ಲೇ ನಿಂತುಬಿಟ್ಟಿತು. ಬ್ರಿಟಿಷರಿಗೆ ಬೇಕಾದದ್ದು ಅಷ್ಟೇ. ಪೇಟೆಯ ಜನರಿಗೆ ಹತ್ತಿರದ ನಿಲ್ದಾಣ ಸಿಕ್ಕಿದ್ದು ಹದಿನೆಂಟು ವರ್ಷಗಳ ನಂತರ, ಮೈಸೂರು ಸಂಸ್ಥಾನ ತನ್ನದೇ ರೈಲು ಹಾಕಿದಾಗ. 1876-78ರ ಭೀಕರ ಬರಗಾಲದಲ್ಲಿ ಹಸಿದವರ ಕೈಗೆ ಕೆಲಸ ಕೊಡುವುದೂ ಬೆಂಗಳೂರು-ಮೈಸೂರು ಮಾರ್ಗದ ಉದ್ದೇಶವಾಗಿತ್ತು. ಧರ್ಮಾಂಬುಧಿ ಕೆರೆಯ ಎದುರು ಎದ್ದ ಸಿಟಿ ನಿಲ್ದಾಣದ ಬುನಾದಿಯಲ್ಲಿ ಆ ಹಸಿವೂ ಇದೆ ಎನ್ನಬಹುದು.

ದಂಡಿನದು ಬ್ರಾಡ್‌ಗೇಜ್, ಸಂಸ್ಥಾನದ್ದು ಮೀಟರ್‌ಗೇಜ್. ಒಂದರ ಗಾಡಿ ಇನ್ನೊಂದರ ಹಳಿಯ ಮೇಲೆ ಓಡುವಂತಿರಲಿಲ್ಲ. ಮದರಾಸಿನಿಂದ ಬಂದ ಸರಕನ್ನು ಇಳಿಸಿ, ಹೊತ್ತು, ಮತ್ತೆ ತುಂಬಬೇಕು. ಪ್ರಯಾಣಿಕರೂ ಗಂಟುಮೂಟೆಯೊಡನೆ ಗಾಡಿ ಬದಲಿಸಬೇಕು. ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಹೊರೆ ಹಮಾಲರ ಬೆನ್ನ ಮೇಲಿತ್ತು. ರಾತ್ರಿ ಉಳಿಯಬೇಕಾದವರ ಚಿಂತೆ ಮಾಡಿದವರು ವ್ಯಾಪಾರಿ ಗುಬ್ಬಿ ತೋಟದಪ್ಪನವರು. ಸಿಟಿ ನಿಲ್ದಾಣದ ಸಮೀಪ ಅವರು ಕಟ್ಟಿಸಿದ ಛತ್ರ 1903ರಲ್ಲಿ ಬಾಗಿಲು ತೆರೆಯಿತು. ನಿಲ್ದಾಣದ ಸೌಕರ್ಯ ಎಂದರೇನೆಂದು ಅವರು ಬಹುಶಃ ರೈಲ್ವೆಯವರಿಗಿಂತ ಚೆನ್ನಾಗಿ ಬಲ್ಲವರು.

ಯಶವಂತಪುರ ಆಗ ಊರಾಚೆಯ ಜಾಗ. 1884ರಲ್ಲಿ ತುಮಕೂರಿಗೆ ಹೋದ ಮೀಟರ್‌ಗೇಜ್ ಹಳಿ ಅದರ ಮೂಲಕ ಸಾಗಿತು. ಮುಂದೆ ಹಿಂದೂಪುರದ ಮಾರ್ಗವೂ ಅಲ್ಲಿಂದಲೇ ಕವಲೊಡೆದು ಅದು ಜಂಕ್ಷನ್ ಆಯಿತು. ಪೀಣ್ಯದಲ್ಲಿ ಕಾರ್ಖಾನೆಗಳು, ಪಕ್ಕದಲ್ಲಿ ಎಪಿಎಂಸಿ ಯಾರ್ಡ್ ಬಂದವು. ಸಿಟಿ ನಿಲ್ದಾಣಕ್ಕೆ ವಿಸ್ತರಿಸಲು ಜಾಗ ಸಾಲದಾದಾಗ ದೂರದ ರೈಲುಗಳು ಇಲ್ಲಿಂದ ಹೊರಡತೊಡಗಿದವು. 2004ರಲ್ಲಿ ದೆಹಲಿಯ ಸಂಪರ್ಕ ಕ್ರಾಂತಿ ರೈಲು ಇಲ್ಲಿಂದಲೇ ಆರಂಭವಾಯಿತು. ಆದರೂ ಪ್ಲಾಟ್‌ಫಾರ್ಮ್‌ಗಳು ಆರೇ, ಸಿಟಿಯಲ್ಲಿ ಹತ್ತು.

ಒತ್ತಡ ಇಳಿಸಲು ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕಟ್ಟಲಾಯಿತು. ಸುಮಾರು 315 ಕೋಟಿ ವೆಚ್ಚ, ಹವಾನಿಯಂತ್ರಿತ ಕಟ್ಟಡ, ಏಳು ಪ್ಲಾಟ್‌ಫಾರ್ಮ್. 2022ರ ಜೂನ್‌ನಲ್ಲಿ ಅಲ್ಲಿಂದ ರೈಲು ಸಂಚಾರ ಶುರುವಾಯಿತು. ಕಟ್ಟಡ ಸುಂದರವಾಗಿದೆ, ನಿಜ. ಆದರೆ ಅಲ್ಲಿಗೆ ತಲುಪುವ ದಾರಿಯ ಬಗ್ಗೆ ಕಟ್ಟಡದಷ್ಟು ಯೋಚಿಸಿರಲಿಲ್ಲ. ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣವೇ ಒಂದು ಕಿಲೋಮೀಟರಿಗೂ ದೂರ.

ಯಶವಂತಪುರದಿಂದ ಹೊರಡುತ್ತಿದ್ದ ಹೌರಾ ರೈಲುಗಳು ಆ ಬಳಿಕ ಅಲ್ಲಿಗೆ ಹೋದವು. ಪೀಣ್ಯದ ಕಾರ್ಖಾನೆಯ ಬಂಗಾಳಿ, ಒಡಿಯಾ ಕೆಲಸಗಾರ ಈಗ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ನೇರಳೆ ಮಾರ್ಗಕ್ಕೆ ಬದಲಿಸಿ, ಮೆಟ್ರೊ ಇಳಿದ ಮೇಲೂ ಆಟೊ ಹುಡುಕಬೇಕು. ಗೇಜ್ ಒಂದಾಯಿತು, ಆದರೆ ಗಂಟು ಹೊತ್ತು ಗಾಡಿ ಬದಲಿಸುವುದು ಅವನಿಗೆ ತಪ್ಪಲಿಲ್ಲ. ಯಶವಂತಪುರದ ಹೊಸ ನಕ್ಷೆಯಲ್ಲಿ ಪ್ಲಾಟ್‌ಫಾರ್ಮ್‌ಗಳ ಮೇಲೆ ವಿಶಾಲ ಚಾವಣಿಯ ಸಭಾಂಗಣವಿದೆ, ಬಹುಮಹಡಿ ವಾಹನ ನಿಲುಗಡೆಯಿದೆ. ಕಾಯ್ದಿರಿಸದ ಬೋಗಿಯ ಟಿಕೆಟ್ ಹಿಡಿದು ಮುಂಜಾನೆಯ ರೈಲಿಗೆ ರಾತ್ರಿಯೇ ಬಂದು ಕೂರುವವನಿಗೆ ಅಲ್ಲಿ ಮೈಚಾಚಲು ಜಾಗ ಎಲ್ಲಿ ಎಂಬುದನ್ನೂ ರೈಲ್ವೆಯವರು ಹೇಳಬೇಕು.